ಎತ್ತದ ಕೈಯ ಅಹವಾಲು

ಬಂಗಾರಪೇಟೆ ಸ್ಟೇಷನ್ ರಸ್ತೆಯ ಕ್ಲಿನಿಕ್ಕೊಂದರ ಎ.ಸಿ. ಕೋಣೆಯಲ್ಲಿ ವಿರಾಜಮಾನರಾಗಿರುವ, ಕೊಬ್ಬು ಕರಗಿಸುವ ಅಲ್ಟ್ರಾಸೌಂಡ್ ಯಂತ್ರ ಮಹಾಶಯರ ಸನ್ನಿಧಾನಕ್ಕೆ, ನಮ್ಮೂರ ಹಾಲಿನ ಸೊಸೈಟಿಯ ನಿರ್ದೇಶಕಿ ಶಶಿರೇಖ, ಏಳುವಷ್ಟೇ ಎತ್ತಿದ ಎರಡೂ ಕೈ ಜೋಡಿಸಿ ಮಾಡುವ ನಮಸ್ಕಾರಗಳು.

ಮಾನ್ಯರೇ,

"ಕತ್ತರಿಯಿಲ್ಲ, ಕಲೆಯಿಲ್ಲ, ಕಂಕುಳ ಕೊಬ್ಬಿಗೆ ನೆಲೆಯಿಲ್ಲ" ಎಂಬ ತಮ್ಮ ಬೋರ್ಡಿನ ಪ್ರಾಸಕ್ಕೆ ಮನಸೋತೇ ನಾನು ಒಳಗೆ ಬಂದದ್ದು. ಅಲ್ಲದೆ ನಮ್ಮ ಡೈರಿಯಲ್ಲೂ ತಮ್ಮ ಕುಲಬಾಂಧವರೊಬ್ಬರಿದ್ದಾರೆ. ಅವರೂ ಶಬ್ದದ ಅಲೆ ಹಾಯಿಸಿಯೇ ಹಾಲಿನ ಫ್ಯಾಟ್ ಹೇಳುವವರು. ಅವರು ಕೊಟ್ಟ ಚೀಟಿಯನ್ನು ಹಸುವೂ ಪ್ರಶ್ನಿಸುವುದಿಲ್ಲ, ಹಸುವಿನ ಒಡೆಯನೂ ಪ್ರಶ್ನಿಸುವುದಿಲ್ಲ. ಹಾಗಾಗಿ ನಾಲ್ಕು ಸಲ ತಣ್ಣನೆಯ ಜೆಲ್ ಬಳಿಸಿಕೊಂಡ ಮೇಲೆ ತಾವು ದಯಪಾಲಿಸಿದ "ತೋಳಿನ ಸುತ್ತಳತೆ ಎರಡು ಇಂಚು ಇಳಿಕೆ" ಎಂಬ ಚೀಟಿಯನ್ನು ಕಣ್ಣಿಗೊತ್ತಿಕೊಂಡು, ನೇರ ಉರಿಗಾಮಿನ ಟೈಲರ್ ಆರುಮುಗಂ ಕೈಗಿಟ್ಟೆ. "ಅಕ್ಕಾ, ಚೀಟಿ ಎದಕ್ಕೆ? ಕೈ ನೀಡಿ, ಟೇಪ್ ಇಡ್ತೀನಿ" ಅಂದ. "ಮಿಷನ್‌ಗಿಂತ ನಿನ್ ಟೇಪ್ ದೊಡ್ಡದೇನಪ್ಪಾ?" ಎಂದು ಗದರಿ, ಚೀಟಿಯ ಅಳತೆಗೇ ರೇಷ್ಮೆ ರವಿಕೆ ಹೊಲಿಸಿದೆ.

ಹೋದ ತಿಂಗಳು ಸೊಸೈಟಿಯ ಅಧ್ಯಕ್ಷರ ಆಯ್ಕೆ. ಕೋದಂಡಪ್ಪನವರಿಗೆ ಎದುರಾಗಿ ನಾನು. ಬೆಳಿಗ್ಗೆ ನಾದಿನಿ ರಾಧ ತೋಳಿಗೆ ಹರಳೆಣ್ಣೆ ಸವರಿ ರವಿಕೆ ತೂರಿಸಿ, "ಅತ್ಗೆ, ಗೆದ್ಮೇಲೂ ಕೈ ಎತ್ಬ್ಯಾಡಿ" ಎಂದು ಎಚ್ಚರಿಸಿದ್ದಳು. ಆದರೆ ಹನ್ನೊಂದು ನಿರ್ದೇಶಕರ ಆ ಸಭೆಯಲ್ಲಿ ಮತವನ್ನೇ ಕೈ ಎತ್ತಿ ಹಾಕಬೇಕಾಗಿತ್ತು. ಅವರಿಗೆ ಐದು ಕೈ ಎದ್ದವು, ನನಗೂ ಐದು. ಆರನೆಯದು ನನ್ನದೇ. ಎತ್ತಿದೆ; ಸೊಂಟ ದಾಟುವಷ್ಟರಲ್ಲಿ ಕಂಕುಳಲ್ಲಿ 'ಪಟ್' ಎಂದು ಒಂದು ಹೊಲಿಗೆ ಹೋಯಿತು. ಕೈಯನ್ನು ಅಲ್ಲೇ ನಿಲ್ಲಿಸಿದೆ. "ಪೂರ್ತಿ ಎತ್ತಿ ಮೇಡಂ, ಮೊಣಕೈ ಲೆಕ್ಕಕ್ಕಿಲ್ಲ" ಎಂದರು ಚುನಾವಣಾಧಿಕಾರಿ. ಹಿಂದಿನಿಂದ ಕೋದಂಡಪ್ಪನವರ ಕಡೆಯ ನಿರ್ದೇಶಕ ಬಚ್ಚಪ್ಪ, "ಬುಡಿ ಸಾ, ಅಕ್ಕಂಗೆ ಅಕ್ಕನ ಮೇಲೇ ನಂಬ್ಕೆ ಇಲ್ಲ!" ಎಂದ. ಸಮಬಲವಾಯಿತೆಂದು ಇಬ್ಬರ ಹೆಸರೂ ಬರೆದು ಚೀಟಿ ಎತ್ತಿಸಿದರು. ಕೋದಂಡಪ್ಪನವರ ಹೆಸರು ಬಂತು. ಚೀಟಿ ನಂಬಿ ನಾನು ಕೆಟ್ಟದ್ದು ಇದು ಎರಡನೆಯ ಸಲ.

ತಮ್ಮನ್ನು ದೂರುತ್ತಿಲ್ಲ. ನಮ್ಮ ತಾತ ಚಾಂಪಿಯನ್ ರೀಫ್ಸಿನ ಚಿನ್ನದ ಗಣಿಯಲ್ಲಿ ಮೈಲಿ ಆಳಕ್ಕಿಳಿದು ಬಂಡೆ ಒಡೆದವರು, ಒರಟರು. ತಾವೋ ಚರ್ಮದ ಕೆಳಗೆ ಅರ್ಧ ಇಂಚು ಇಳಿದು, ಕೊಬ್ಬಿನ ಯೋಗಕ್ಷೇಮ ವಿಚಾರಿಸಿ, ಅದಕ್ಕೆ ಕಿಂಚಿತ್ತೂ ನೋವಾಗದಂತೆ ಹಿಂತಿರುಗಿದ ಸಭ್ಯರು. ಆದಕಾರಣ ಮತ್ತೊಮ್ಮೆ ಸ್ಕ್ಯಾನ್ ಮಾಡಿ, "ಈಕೆಯ ಕೈ ರವಿಕೆಯೊಳಗೆ ಪೂರ್ತಿ ಎದ್ದೇ ಇತ್ತು" ಎಂದು ಇನ್ನೊಂದು ಚೀಟಿ ಕೊಡಬೇಕಾಗಿ ವಿನಂತಿ. ತಮ್ಮ ಚೀಟಿಯನ್ನು ಯಾರು ತಾನೇ ಪ್ರಶ್ನಿಸುತ್ತಾರೆ?

ಹಳೆಯ ಸುತ್ತಳತೆಯಲ್ಲೇ ಸ್ಥಿರವಾಗಿರುವ,
ತಮ್ಮ ವಿಶ್ವಾಸಿ,
ಶಶಿರೇಖ
ನಿರ್ದೇಶಕಿ (ಇನ್ನೂ ಬರೀ ನಿರ್ದೇಶಕಿ)

ಮರೆತ ಮಾತು: ಕೋದಂಡಪ್ಪನವರು ಅಧ್ಯಕ್ಷರಾದ ಮೇಲೆ ನಮ್ಮ ಡೈರಿಯ ಹಾಲಿನಲ್ಲಿ ದಿನೇ ದಿನೇ ಫ್ಯಾಟ್ ಕರಗುತ್ತಿದೆ. ಕತ್ತರಿಯಿಲ್ಲ, ಕಲೆಯಿಲ್ಲ, ಅವರು ಕ್ಲಿನಿಕ್ ತೆರೆದರೆ ತಮಗಿನ್ನು ಬೆಲೆಯಿಲ್ಲ.