ಅಳತೆ ನೋಡಿ ನೌಕರಿ ಹೇಳುವ ನಮ್ಮ ಕಾಕಾ

ಯಲಬುರ್ಗಾದ ಅರ್ಧ ಜನರ ಹಣೆಬರಹ ಬರೆದವನು ಬ್ರಹ್ಮ ಅಲ್ಲ, ನಮ್ಮ ಕಾಕಾ! ಅದೂ ಅಳತೆ ಪುಸ್ತಕದಲ್ಲಿ, ಮೊಂಡು ಪೆನ್ಸಿಲಿನಿಂದ. ನಗಬೇಡಿರಿ. ಬ್ರಹ್ಮ ಬರೆದದ್ದನ್ನು ಓದಲಿಕ್ಕೆ ಯಾರಿಗೆ ಬರುತ್ತದೆ? ಕಾಕಾ ಬರೆದದ್ದನ್ನು ಮಾತ್ರ ಅಂಗಡಿಗೆ ಬಂದವರೆಲ್ಲ ಬಗ್ಗಿ ಓದುತ್ತಿದ್ದರು. "ಎದೆ ಮೂವತ್ತು, ತೋಳು ಇಪ್ಪತ್ತೊಂದು, ಪೊಲೀಸ್."

ಕಾಕಾ ಎಂದರೆ ನನ್ನಪ್ಪನ ತಮ್ಮ. ಬಸ್ ನಿಲ್ದಾಣದ ರಸ್ತೆಯಲ್ಲಿ ಟೇಲರ್ ಅಂಗಡಿ ಇಟ್ಟವನು. ಸಾಲಿ ಶುರುವಾಗುವ ಹೊತ್ತಿಗೆ ಸುತ್ತಮುತ್ತಲ ಹುಡುಗರೆಲ್ಲ ಯೂನಿಫಾರ್ಮಿಗೆ ಅಲ್ಲಿ ಸಾಲುಗಟ್ಟಿ ನಿಲ್ಲಬೇಕು. ಬೇರೆ ಟೇಲರುಗಳು ಅಳತೆ ತಗೊಂಡು ಬಿಟ್ಟುಬಿಡುತ್ತಾರೆ. ಕಾಕಾ ಹಾಗೆ ಬಿಡುವ ಆಸಾಮಿಯಲ್ಲ. ಭುಜ ಅಳೆದು, ಕೊರಳು ಅಳೆದು, ಒಂದು ಹೆಜ್ಜೆ ಹಿಂದೆ ಸರಿದು, ಕಣ್ಣು ಸಣ್ಣಗೆ ಮಾಡಿ ನೋಡಿ, ಆ ಹುಡುಗ ಮುಂದೆ ಏನಾಗುತ್ತಾನೆಂದು ಘೋಷಿಸಿದ ಮೇಲೆಯೇ ಮುಂದಿನವನ ಪಾಳಿ.

ನಾನು ಏಳನೇ ಇಯತ್ತೆಯಲ್ಲಿದ್ದಾಗ ನನ್ನ ಪಾಳಿ ಬಂತು.

"ಏ, ನೆಟ್ಟಗ ನಿಂದ್ರಲೇ! ಇವನ ಕೊರಳು ನಿಲ್ಲವಲ್ದು, ಬಾಯಿ ಅಂತೂ ನಿಲ್ಲಂಗೇ ಇಲ್ಲ. ಮಾಸ್ತರಕಿ ಬಿಟ್ರ ಇವಗ ಬ್ಯಾರೆ ದಾರಿ ಇಲ್ಲ," ಅಂದ.

ಈಗ ನಾನು ಹೈಸ್ಕೂಲ್ ಮಾಸ್ತರ. ಕಾಕಾ ಹೇಳಿದ್ದಕ್ಕೆ ಮಾಸ್ತರನಾದೆನೋ, ಆಗುವವನಿದ್ದದ್ದನ್ನು ಕಾಕಾ ಹೇಳಿದನೋ, ಇವತ್ತಿಗೂ ನನಗೆ ತಿಳಿದಿಲ್ಲ.

ಎಲ್ಲವೂ ಹೀಗೆ ಕೂಡಿಬರಲಿಲ್ಲ ಬಿಡಿ. "ಪೊಲೀಸ್" ಎಂದು ಬರೆಸಿಕೊಂಡ ನನ್ನ ಗೆಳೆಯ ಬೀದಿನಾಯಿ ಕಂಡರೂ ಗಿಡ ಹತ್ತುತ್ತಿದ್ದ. ಅವನೀಗ ಫೋಟೊ ಸ್ಟುಡಿಯೊ ಇಟ್ಟಿದ್ದಾನೆ. ಒಮ್ಮೆ ಕಾಕಾನನ್ನು ಕೆಣಕಿದೆ: "ಏನ್ ಕಾಕಾ, ನಿನ್ನ ಪೊಲೀಸ್ ಲಗ್ನದ ಫೋಟೊ ತಗೀಲಿಕ್ಕೆ ಹೊಂಟಾನಲ್ಲ?"

ಕಾಕಾ ಮಿಶಿನ್ ನಿಲ್ಲಿಸಲೂ ಇಲ್ಲ. "ನಾ ಅಳದಾಗ ಅಂವಾ ಪೊಲೀಸನ ಇದ್ದ. ಆಮ್ಯಾಲೆ ಸೊರಗಿದ. ಅಳತಿ ಬದಲಾದ್ರ ನಾ ಏನ್ ಮಾಡ್ಲಿ?"

ಇಂಥ ಮನುಷ್ಯನಿಗೆ ಗ್ರಹಚಾರ ಒಂದು ಪ್ರೊಜೆಕ್ಟರಿನ ರೂಪದಲ್ಲಿ ಬಂತು. ನಮ್ಮ ಸಾಲಿಯಲ್ಲಿ ಹತ್ತನೆಯ ಮಕ್ಕಳಿಗೆ ವೃತ್ತಿ ಮಾರ್ಗದರ್ಶನದ ಕಾರ್ಯಕ್ರಮ. ಕೊಪ್ಪಳದ ಒಂದು ಸಂಸ್ಥೆಯಿಂದ ಒಬ್ಬ ಮೇಡಂ ಪ್ರೊಜೆಕ್ಟರ್ ತಗೊಂಡು ಬಂದಿದ್ದರು. ಕಾಕಾನನ್ನು ಯಾರೂ ಕರೆದಿರಲಿಲ್ಲ. ಕರೆಯಬೇಕೆಂದು ಆತನೂ ಕಾದಿರಲಿಲ್ಲ! ಮುಂದಿನ ಸಾಲಿನಲ್ಲೇ ಕುಳಿತಿದ್ದ. ಮೇಡಂ, "ಮೊದಲು ಮಕ್ಕಳ ಆಸಕ್ತಿ ಏನು ಅಂತ ಕೇಳಬೇಕು" ಎನ್ನುವಷ್ಟರಲ್ಲಿ ಎದ್ದು ನಿಂತ.

"ಕೇಳೂದೇನೈತ್ರಿ ಮೇಡಮ್ಮಾರ? ಒಂದ್ ಸಲ ಅಳದ್ರ ಸಾಕ್ರಿ, ಎಲ್ಲಾ ಗೊತ್ತಾಗ್ತೈತಿ!" ಎಂದು ಕೊರಳಿನ ಟೇಪು ತೆಗೆದು ತೋರಿಸಿದ.

ಮಕ್ಕಳು ಹೋ ಎಂದು ನಕ್ಕವು. ಮೇಡಂ ನಗಲಿಲ್ಲ, ಸಿಟ್ಟಿಗೂ ಏಳಲಿಲ್ಲ. "ಕಾಕಾರ, ಈ ಕೆಲಸಕ್ಕ ಮಾನದಂಡ ಅಂತ ಅದಾವ್ರಿ. ತರಬೇತಿ ಐತಿ, ಪರೀಕ್ಷಾ ಐತಿ, ಸರ್ಟಿಫಿಕೇಟ್ ಐತಿ. ನಿಮ್ಮ ಸರ್ಟಿಫಿಕೇಟ್ ಎಲ್ಲೈತ್ರಿ?" ಎಂದು ಮೆತ್ತಗೆ ಕೇಳಿದರು.

ಕಾಕಾ ಟೇಪು ಸುತ್ತಿ ಕಿಸೆಗೆ ಹಾಕಿಕೊಂಡು ಕುಳಿತ. ಪಾಪ, ಹೊಲಿಗೆ ಬರುತ್ತದೆ ಎನ್ನುವುದಕ್ಕೂ ಆತನ ಹತ್ತಿರ ಒಂದು ಚೀಟಿ ಇರಲಿಲ್ಲ! ಮನೆಗೆ ಹೋಗಿ ಊಟ ಬಿಟ್ಟ. ಮರುದಿನ ಮುಂಜಾನೆ ನಮ್ಮ ಬಾಗಿಲಿಗೆ ಬಂದು, ಮಾಸಿದ ಪಿಯುಸಿ ಅಂಕಪಟ್ಟಿ ನನ್ನ ಕೈಗಿಟ್ಟು, "ಆ ಕೋರ್ಸಿನ ಫಾರ್ಮ್ ತುಂಬು," ಅಂದ. ವಯಸ್ಸು ಐವತ್ತೊಂಬತ್ತು!

ಫಾರ್ಮಿನಲ್ಲಿ "ಯಾವ ವರ್ಗದ ಜನರೊಂದಿಗೆ ಕೆಲಸ ಮಾಡಿದ ಅನುಭವವಿದೆ?" ಎಂದಿತ್ತು. ಕಾಕಾ ಬರೆಸಿದ: "ಗಂಡಸರು, ಹೆಂಗಸರು, ಮಕ್ಕಳು. ಆಲ್ಟ್ರೇಷನ್ನೂ ಮಾಡುತ್ತೇನೆ."

ಆರು ತಿಂಗಳು ಪ್ರತಿ ಭಾನುವಾರ ಕೊಪ್ಪಳಕ್ಕೆ ಬಸ್ಸು. ಅಲ್ಲಿ ಕಲಿಸಿದ ಸೂತ್ರಗಳು ನಾಲ್ಕು. ಬಂದವರ ಮಾತು ಪೂರ್ತಿ ಕೇಳಬೇಕು. ನಿರ್ಧಾರ ಅವರದು, ನಮ್ಮದಲ್ಲ. ಅವರು ಹೇಳಿದ್ದನ್ನು ಗುಟ್ಟಾಗಿಡಬೇಕು. ಗೊತ್ತಿಲ್ಲದ್ದನ್ನು ಗೊತ್ತಿಲ್ಲವೆಂದು ಒಪ್ಪಿ, ಗೊತ್ತಿದ್ದವರ ಕಡೆ ಕಳಿಸಬೇಕು. ಕಾಕಾ ಇವನ್ನು ದಪ್ಪ ಅಕ್ಷರದಲ್ಲಿ ಬರೆಸಿ, ಲ್ಯಾಮಿನೇಷನ್ ಮಾಡಿಸಿ, ಅಂಗಡಿಯಲ್ಲಿ "ಹಬ್ಬದಾಗ ಅರ್ಜೆಂಟ್ ಕೇಳಬ್ಯಾಡ್ರಿ" ಎಂಬ ಬೋರ್ಡಿನ ಪಕ್ಕಕ್ಕೆ ತೂಗುಹಾಕಿದ. ಅಲ್ಲಿಂದ ಶುರುವಾಯಿತು ನೋಡಿರಿ ಊರಿನ ಪಾಡು!

ಪ್ಯಾಂಟು ಹೊಲಿಸಲಿಕ್ಕೆ ಬಂದ ರೈತರೊಬ್ಬರನ್ನು ಸ್ಟೂಲಿನ ಮೇಲೆ ಕೂರಿಸಿ, ಕಣ್ಣಲ್ಲಿ ಕಣ್ಣಿಟ್ಟು, "ಈ ಪ್ಯಾಂಟಿನ ಬಗ್ಗೆ ನಿಮ್ಮ ಮನಸಿನ್ಯಾಗ ಏನೈತ್ರಿ?" ಎಂದು ಕೇಳಿದ. ಅವರು ಅಂಜಿ, "ಏನೂ ಇಲ್ಲೋ ಮಾರಾಯಾ, ಎರಡು ಕಿಸೆ ಇದ್ರ ಸಾಕು," ಎಂದು ಅರಿವೆ ಎತ್ತಿಕೊಂಡು ಎದುರಿನ ಅಂಗಡಿಗೆ ಹೋದರು.

ಇನ್ನೊಂದು ದಿನ ನಿವೃತ್ತ ತಲಾಟಿಯವರ ಹೆಂಡತಿ ಬಂದರು. "ನಮ್ಮ ಮನೆಯವರಿಗೆ ರೆಡಿಮೇಡ್ ಪ್ಯಾಂಟ್ ತರಬೇಕಾಗೇತ್ರಿ. ಅವರ ನಡ ಎಷ್ಟೈತಿ, ಪುಸ್ತಕ ನೋಡಿ ಹೇಳ್ರಿ."

"ಹೇಳಾಕ ಬರಂಗಿಲ್ರಿ ಅಕ್ಕಾರ. ಗೌಪ್ಯ."

"ನಲವತ್ತು ವರ್ಷದಿಂದ ಸಂಸಾರ ಮಾಡೀನ್ರಿ ಅವರ ಜೋಡಿ!"

"ಇರಬೌದ್ರಿ. ಅವರ ಒಪ್ಪಿಗಿ ಪತ್ರ ತರ್ರಿ."

ಮನೆಯಲ್ಲಿ ಕಾಕಾನ ಹೆಂಡತಿ, ನಮ್ಮ ಕಾಕು, ಇನ್ನೂ ಗಟ್ಟಿ. ಒಂದು ಸಂಜೆ, "ರೊಟ್ಟಿ ಮಾಡ್ಲೋ, ಅನ್ನ ಮಾಡ್ಲೋ?" ಎಂದು ಕೇಳಿದಳು. ಕಾಕಾ ಗಂಭೀರವಾಗಿ, "ಎರಡರ ಒಳ್ಳೇದು ಕೆಟ್ಟದ್ದು ನೀನ ವಿಚಾರ ಮಾಡು. ನಿರ್ಧಾರ ನಿಂದು," ಅಂದ. ಕಾಕು ನಿರ್ಧಾರ ಮಾಡಿದಳು. ತನಗೊಬ್ಬಳಿಗೆ ಅವಲಕ್ಕಿ ಕಲಸಿಕೊಂಡು ತಿಂದು ಕೈ ತೊಳೆದಳು.

ಕೊನೆಗೆ ಪರೀಕ್ಷೆ ಬಂತು. ಬೆಂಗಳೂರಿನಿಂದ ಒಬ್ಬ ಪರೀಕ್ಷಕರು ಬಂದು, ಕಾಕಾ ಒಬ್ಬರ ಜೊತೆ ಮಾತಾಡುವುದನ್ನು ಮೂಲೆಯಲ್ಲಿ ಕುಳಿತು ನೋಡುತ್ತಾರೆ. ಕಾಕಾಗೆ ಧೈರ್ಯ ಎಷ್ಟೆಂದರೆ, ಮುಂಚೆಯೇ "ವೃತ್ತಿ ಮಾರ್ಗದರ್ಶಕರು" ಎಂದು ಅಂಗಡಿ ಬೋರ್ಡಿನ ಕೆಳಗೆ ಬರೆಸಿ, ಅಷ್ಟು ಭಾಗಕ್ಕೆ ಅಸ್ತರಿನ ಬಟ್ಟೆ ಮುಚ್ಚಿಸಿದ್ದ. ಪಕ್ಕದ ಮೊಬೈಲ್ ಅಂಗಡಿಯವನು ಸಲಹೆ ಕೇಳುವವನಾಗಿ ಕುಳಿತ. ನಲವತ್ತು ನಿಮಿಷ ಕಾಕಾ ಬಂಗಾರದಂತೆ ನಡೆದುಕೊಂಡ! ಒಂದು ತೀರ್ಪಿಲ್ಲ, ಒಂದು ಉಪದೇಶವಿಲ್ಲ. ಪರೀಕ್ಷಕರು ಖುಷಿಯಾಗಿ ಫೈಲು ಮುಚ್ಚಿ ಎದ್ದು ನಿಂತರು. ಅವರು ನಿಂತ ಭಂಗಿ ನೋಡಿದ್ದೇ ತಡ, ಕಾಕಾನ ಒಳಗಿನ ಟೇಲರ್ ಎದ್ದ.

"ಸರ್, ಒಂದ್ ಮಾತ್ರಿ. ನೀವು ಈ ಕೆಲಸಕ್ಕ ಸರಿ ಇಲ್ರಿ. ಈ ಎದಿ, ಈ ಕೊರಳು! ನೀವು ಹಾಡಬೇಕ್ರೀ!"

ಫೇಲ್.

"ಖರೇ ಹೇಳಿದ್ದಕ್ಕ ಫೇಲ್ ಮಾಡ್ಯಾರಲ್ಲೋ!" ಎಂದು ಕಾಕಾ ವಾರಗಟ್ಟಲೆ ಒದ್ದಾಡಿದ. ಉಳಿದದ್ದು ಇನ್ನೊಂದೇ ಅವಕಾಶ. ಬಸ್ ನಿಲ್ದಾಣಕ್ಕೆ ಹೋಗುವವರೆಲ್ಲ ಬೋರ್ಡಿನ ಅಸ್ತರ್ ನೋಡಿ, "ಇದು ಯಾವಾಗ ತಗೀತಿ?" ಎಂದು ಕೇಳಿಯೇ ಮುಂದೆ ಹೋಗುತ್ತಿದ್ದರು. ಕಾಕಾ ರಾತ್ರಿಯಾಗುವುದರೊಳಗೆ ಅಂಗಡಿ ಮುಚ್ಚಿಬಿಡುತ್ತಿದ್ದ. ಯಾರಿಗೂ ಇಂಥದಾಗು ಎಂದು ಹೇಳುತ್ತಿರಲಿಲ್ಲ. ಕಾಕು ಸಹ ಗಾಬರಿಯಾಗಿ, "ಅವ್ರು ಒಬ್ಬರಿಗಾದ್ರೂ ಡಾಕ್ಟರ್ ಆಗು ಅಂದ್ರ ನನಗ ಸಮಾಧಾನ," ಎಂದು ನನ್ನ ಮುಂದೆ ಕಣ್ಣೀರು ಹಾಕಿದಳು.

ಎರಡನೇ ಸಲಕ್ಕೆ ನಾನೇ ಒಬ್ಬಳನ್ನು ಕರೆದುಕೊಂಡು ಹೋದೆ. ನನ್ನ ವಿದ್ಯಾರ್ಥಿನಿ, ಮಂಗಳೂರಿನವಳು, ಆಗತಾನೇ ಹತ್ತನೆಯದು ಪಾಸಾಗಿದ್ದಳು. ಪರೀಕ್ಷಕರು ಊರಿನ ಹೆಸರು ಕೇಳಿ ಹೌಹಾರಿದರು. "ಅಷ್ಟು ದೂರದಿಂದ ನಿಮ್ಮ ಹತ್ತಿರ ಬರ್ತಾರಾ?"

"ಸಮುದ್ರದ ಮಂಗಳೂರಲ್ರಿ ಸರ್, ಇದು ನಮ್ಮ ಸೀಮಿ ಮಂಗಳೂರು," ಎಂದು ಕಾಕಾ ತಾನೇ ತಿದ್ದಿದ. ಸುಮ್ಮನಿದ್ದಿದ್ದರೆ ಎಷ್ಟು ಮರ್ಯಾದೆ ಸಿಗುತ್ತಿತ್ತು!

ಹುಡುಗಿಯ ಅಪ್ಪ ಕೂಲಿಕಾರ. ಮಗಳು ನರ್ಸ್ ಆಗಲಿ ಎಂದು ಹಟ ಹಿಡಿದಿದ್ದ. ಆಕೆ ಹೂಂ ಎನ್ನಳು, ಊಹೂಂ ಎನ್ನಳು. ಅಪ್ಪನನ್ನು ಹೊರಗೆ ಕಟ್ಟೆಯ ಮೇಲೆ ಕೂರಿಸಿದೆವು. ನಾನಿರಲಿ ಎಂದು ಆಕೆಯೇ ಕೇಳಿಕೊಂಡದ್ದರಿಂದ ಒಳಗೆ ಉಳಿದೆ.

"ಹೇಳವ್ವಾ," ಅಂದ ಕಾಕಾ. ಆಕೆ ಮಾತಾಡಲಿಲ್ಲ. ಐದು ನಿಮಿಷವಾಯಿತು. ಕಾಕಾ ಟೇಪಿನ ತುದಿ ಹಲ್ಲಲ್ಲಿ ಕಚ್ಚಿ ಹಿಡಿದು ಕುಳಿತ. ಹತ್ತು ನಿಮಿಷವಾಯಿತು. ಆಗ ಆಕೆ ಹೊಲಿಗೆ ಮಿಶಿನ್ ಕಡೆ ನೋಡುತ್ತ, "ಕಾಕಾರ, ಬೆಲ್ಟ್ ಸಡ್ಲಾಗೇತ್ರಿ," ಎಂದಳು. ಯಾರೂ ಹೇಳದೆಯೇ ಎದ್ದು ಹೋಗಿ, ಬೆಲ್ಟ್ ಬಿಚ್ಚಿ, ತುಸು ಕತ್ತರಿಸಿ, ಮತ್ತೆ ಕೊಂಡಿ ಹಾಕಿ, ಚಕ್ರ ತಿರುಗಿಸಿ ನೋಡಿದಳು.

"ಮೆಕ್ಯಾನಿಕ್!" ಎಂಬ ಶಬ್ದ ಕಾಕಾನ ಗಂಟಲಿನವರೆಗೆ ಬಂದದ್ದು ನನಗೆ ಕಾಣಿಸಿತು. ಆತ ಅದನ್ನು ನುಂಗಿದ. ಟೇಪು ಬಾಯಿಂದ ತೆಗೆದು, "ಇದನ್ನ ಮಾಡುವಾಗ ನಿನಗ ಹೆಂಗ ಅನಸ್ತವ್ವಾ?" ಎಂದು ಕೇಳಿದ.

ಕಟ್ಟೆ ಒಡೆದಂತೆ ಮಾತು ಬಂತು. ಅಪ್ಪನ ಜೊತೆ ಗಂಗಾವತಿ ಕಡೆ ಭತ್ತದ ಸುಗ್ಗಿಗೆ ಹೋದದ್ದು, ಅಲ್ಲಿ ಕೊಯ್ಲು ಮಾಡುವ ದೊಡ್ಡ ಮಿಶಿನ್ ಗದ್ದೆಯ ನಡುವೆ ಕೆಟ್ಟು ನಿಂತದ್ದು, ರಿಪೇರಿಯವನ ಪಕ್ಕ ಒಂದಿಡೀ ದಿನ ನಿಂತು ನೋಡಿದ್ದು, "ನಾನೂ ಕಲೀಬೇಕ್ರಿ, ಆದ್ರ ಅಪ್ಪ ನಗ್ತಾನ" ಎಂಬುದು, ಎಲ್ಲ. ಆಮೇಲೆ ತಾನೇ ಅಪ್ಪನನ್ನು ಒಳಗೆ ಕರೆದು, ಅದನ್ನೇ ಅವನ ಮುಂದೆಯೂ ಹೇಳಿದಳು. ಅಪ್ಪ ನಗಲಿಲ್ಲ. "ಇದನ್ನ ಎಲ್ಲಿ ಕಲಸ್ತಾರ್ರಿ?" ಎಂದು ಕಾಕಾನನ್ನೇ ಕೇಳಿದ.

ಕಾಕಾ ಬಾಯಿ ತೆಗೆದ. ಮುಚ್ಚಿದ. ಮತ್ತೆ ತೆಗೆದ.

"ನನಗ ಗೊತ್ತಿಲ್ರಿ."

ಜೀವಮಾನದಲ್ಲಿ ಮೊದಲ ಸಲ! "ಆದ್ರ ಗೊತ್ತಿದ್ದವರ ಕಡೆ ನಾನ ಕರಕೊಂಡು ಹೋಗ್ತೀನಿ," ಎಂದು ಸೇರಿಸಿದ. ಪರೀಕ್ಷಕರು ಬರೆಯುವುದನ್ನು ನಿಲ್ಲಿಸಿ ಆತನನ್ನೇ ನೋಡಿದರು.

ಪಾಸ್! ಸರ್ಟಿಫಿಕೇಟ್ ಬಂತು, ಬೋರ್ಡಿನ ಅಸ್ತರ್ ಬಿಚ್ಚಿತು, ಕಾಕು ರೊಟ್ಟಿ, ಅನ್ನ ಎರಡೂ ಮಾಡಿದಳು. ಆಡಿದ ಮಾತಿನಂತೆ ಕಾಕಾ ಅಪ್ಪ-ಮಗಳನ್ನು ಗಂಗಾವತಿಯ ಐಟಿಐಗೆ ಕರೆದೊಯ್ದ. ನಾನೂ ಹೋದೆ. ಅಲ್ಲಿನ ಮಾಸ್ತರರು ವರ್ಕ್‌ಶಾಪು ತೋರಿಸಿ ಅರ್ಜಿ ತುಂಬಿಸಿಕೊಂಡರು. ಹುಡುಗಿ ಗ್ರೀಸಿನ ವಾಸನೆಗೆ ಮುಖ ಅರಳಿಸಿ ನಿಂತಿದ್ದಳು. ಅಪ್ಪ-ಮಗಳು ಅಲ್ಲೇ ಬೀಗರ ಮನೆಗೆ ಹೋದರು. ನಾವಿಬ್ಬರು ಕುಷ್ಟಗಿ ಬಸ್ಸು ಹತ್ತಿದೆವು.

ಕುಷ್ಟಗಿಯಲ್ಲಿ ಇಳಿದು ಯಲಬುರ್ಗಾ ಬಸ್ಸಿನ ಕಡೆ ನಡೆದರೆ, ಕಾಕಾ ನನ್ನ ತೋಳು ಹಿಡಿದು, "ನಡಿ, ಮಗಳ ಮನಿಗೆ ಹೋಗಿ ಬರೂಣು," ಅಂದ.

ಕಾಕಾಗೆ ಒಬ್ಬಳೇ ಮಗಳು. ಕುಷ್ಟಗಿಯ ಒಂದು ಕಾಲೇಜಿನ ಆಫೀಸಿನಲ್ಲಿ ಗುಮಾಸ್ತಳು. "ಬೆರಳು ಉದ್ದ ಅದಾವು, ಟೈಪಿಂಗ್ ಆಫೀಸಿನ ಕೆಲಸ" ಎಂದು ಆಕೆಯ ದಾರಿಯನ್ನು ಕಾಕಾ ಎಂದೋ ತೀರ್ಮಾನಿಸಿದ್ದ. ಆಕೆ ಚಹಾ ಕೊಟ್ಟಳು. ಕಾಕಾ ಕಪ್ಪನ್ನು ಮುಟ್ಟದೆ ಕುಳಿತು, ಒಮ್ಮೆಲೆ ಕೇಳಿದ.

"ಆವಾಗ ನಿನಗ ಏನಾಗಬೇಕಂತಿತ್ತವ್ವಾ?"

ಆಕೆ ನಕ್ಕಳು. "ಈಗ್ಯಾಕ ಕೇಳ್ತಿ ಅಪ್ಪಾ? ಹದಿನೆಂಟು ವರ್ಷಾತು."

"ಆವಾಗ ಕೇಳಬೇಕಂತ ನನಗ ಗೊತ್ತಿರಲಿಲ್ಲ."

ಆಕೆಯ ನಗು ನಿಂತಿತು. "ನಿನ್ನ ಅಂಗಡ್ಯಾಗ ಕುಂದ್ರಬೇಕಂತಿತ್ತು. ನಿನ್ನ ಬಾಜೂಕ ಇನ್ನೊಂದು ಮಿಶಿನ್ ಹಾಕ್ಕೊಂಡು. ನೀ ಕತ್ರಿ ಮುಟ್ಟಾಕ ಕೊಡ್ಲಿಲ್ಲ."

ಆಕೆ ಒಳಗೆ ಹೋಗಿ ತನ್ನ ಮಗಳಿಗೆಂದು ಹೊಲಿದ ಒಂದು ಪುಟ್ಟ ಫ್ರಾಕು ತಂದು ಆತನ ತೊಡೆಯ ಮೇಲಿಟ್ಟಳು. ಬಾಗಿಲ ಸಂದಿಯಲ್ಲಿ, ಒಳಕೋಣೆಯ ಮೂಲೆಗೆ ಸೀರೆ ಹೊದಿಸಿಟ್ಟ ಒಂದು ಮಿಶಿನ್ ನನಗೆ ಕಂಡಿತು. ಕಾಕಾ ಕನ್ನಡಕ ಹಾಕಿಕೊಂಡು ಫ್ರಾಕಿನ ಒಳಮಗ್ಗುಲು ಹೊರಳಿಸಿದ. ಹೊಲಿಗೆಯ ಗುಂಟ ಹೆಬ್ಬೆರಳಿನ ಉಗುರು ಎಳೆಯುತ್ತ ಹೋದ. ತೋಳು ಕೂಡುವ ಕಡೆ ಬೆರಳು ನಿಂತಿತು. ಕನ್ನಡಕ ತೆಗೆದು ಕಣ್ಣೊರೆಸಿಕೊಂಡು ಮತ್ತೆ ಹಾಕಿಕೊಂಡ.

"ಒಂದೂ ಸುಕ್ಕಿಲ್ಲ," ಅಂದ. "ಈ ತೋಳು ಹೆಂಗ ಕೂರಿಸಿದಿ? ನನಗೂ ಇಷ್ಟು ಛಲೋ ಬರಂಗಿಲ್ಲ."

ಆಕೆ ಅಪ್ಪನ ಕಾಲ ಬಳಿ ನೆಲದ ಮೇಲೆ ಕುಳಿತು, ಫ್ರಾಕು ಕೈಗೆ ತಗೊಂಡು ಹೇಳತೊಡಗಿದಳು. ಕಾಕಾ ಕುರ್ಚಿಯಿಂದ ಇಳಿದು ಆಕೆಯ ಪಕ್ಕ ನೆಲಕ್ಕೆ ಕುಳಿತ.