ಪಿಟೀಲಿನ ಹೊಟ್ಟೆಯೊಳಗಿನ ಚೀಟಿ

ಹಳೆಯ ಸಾಮಾನಿನ ಮೇಲೆ ನನಗೆ ಭಕ್ತಿ ಇಲ್ಲ. ಇದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ನಾನು ಬೆಳೆದ ಕಾಫಿ ಎಸ್ಟೇಟಿನ ಕೂಲಿ ಲೈನಿನ ಮನೆಯಲ್ಲಿ ಇದ್ದದ್ದೆಲ್ಲ ಹಳೆಯದೇ. ಹಳೆಯ ಚಾಪೆ, ಹಳೆಯ ಕೊಡೆ, ಇನ್ಯಾರೋ ಓದಿ ಬಿಟ್ಟ ಪಠ್ಯಪುಸ್ತಕ. ಆಗ ಯಾರೂ ಅವನ್ನು ಆಂಟಿಕ್ ಎಂದು ಕರೆದು ಗಾಜಿನ ಪೆಟ್ಟಿಗೆಯಲ್ಲಿಡಲಿಲ್ಲ. ಈಗ ನಮ್ಮ ಮೂಡಿಗೆರೆ ಕಡೆ ಹೋಂಸ್ಟೇ ತೆರೆದವರೆಲ್ಲ ಕಾಫಿ ಹಣ್ಣು ಸುಲಿಯುವ ಹಳೆಯ ಪಲ್ಪರ್ ಚಕ್ರಕ್ಕೂ ವಾರ್ನಿಷ್ ಹೊಡೆದು ಬಾಗಿಲಲ್ಲಿ ನಿಲ್ಲಿಸುತ್ತಾರೆ. ಬಂದವರು ಅದರ ಪಕ್ಕ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ. ಆ ಚಕ್ರ ತಿರುಗಿಸಿ ಬೆನ್ನು ಬಾಗಿದವರ ಪಕ್ಕ ನಿಂತವರನ್ನು ನಾನು ಇನ್ನೂ ಕಂಡಿಲ್ಲ.

ಹೀಗಿರುವಾಗ ಜಾವಳಿ ಕಡೆಯ ಪುಟ್ಟೇಗೌಡರ ಅಟ್ಟದಲ್ಲಿ ಒಂದು ಪಿಟೀಲು ಸಿಕ್ಕಿತು. ಎಸ್ಟೇಟನ್ನು ಅವರ ತಂದೆಗೆ ಮಾರಿ ಹೋದ ಇಂಗ್ಲಿಷ್ ದೊರೆ ಬಿಟ್ಟುಹೋದದ್ದಂತೆ. "ಮೇಡಂ, ನೀವು ಓದಿದವರು. ಮಾಡ್ದೋನು ಯಾರು, ಎಷ್ಟು ವರ್ಷದ್ದು ಅಂತ ನೋಡಿ ಇಂಗ್ಲಿಷಲ್ಲಿ ಒಂದು ಕಾರ್ಡ್ ಬರ್ದು ಕೊಡಿ. ಗೋಡೆಗೆ ಹಾಕೋಣ. ಕೆಳಗೆ ನಿಮ್ ಹೆಸ್ರು, ಡಿಗ್ರಿ ಎಲ್ಲ ಇರ್ಲಿ" ಎಂದು ಗೌಡರು ಫೋನ್ ಮಾಡಿದರು. ನಾನು ಆಲ್ದೂರಿನ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುವವಳು. ಪಿಟೀಲಿನ ಬಗ್ಗೆ ನನಗೆ ಗೊತ್ತಿದ್ದದ್ದು ಅದಕ್ಕೆ ನಾಲ್ಕು ತಂತಿ ಎಂಬುದಷ್ಟೇ. ಆದರೆ ಎಂ.ಎ. ಎಂಬುದು 'ಗೊತ್ತಿಲ್ಲ' ಎನ್ನುವ ಬಾಯನ್ನೇ ಮೊದಲು ಹೊಲಿಯುತ್ತದೆ. ಮೇಲಾಗಿ ಅದೇ ತೋಟದಲ್ಲಿ ನಮ್ಮವ್ವ ಮೂವತ್ತು ವರ್ಷ ಹಣ್ಣು ಬಿಡಿಸಿದವಳು. ಗೌಡರ ಮನೆಯ ಹಿತ್ತಲು ದಾಟಿ ಒಳಗೆ ಹೋದವಳಲ್ಲ. ಆ ಮನೆಯ ಪಡಸಾಲೆಯ ಗೋಡೆಯ ಮೇಲೆ ಅವಳ ಮಗಳ ಹೆಸರು! ಎರಡು ರಾತ್ರಿ ಇಂಟರ್ನೆಟ್ ಜಾಲಾಡಿ, ಗೌಡರು ಕಳಿಸಿದ ಜೀಪು ಹತ್ತಿದೆ.

ಅಲ್ಲಿ ಗೌಡರ ಭಾವಮೈದ ಆಗಲೇ ತಜ್ಞನಾಗಿ ಕೂತಿದ್ದ. ಮೊಬೈಲ್ ಬೆಳಕನ್ನು ಪಿಟೀಲಿನ ಕಿಂಡಿಯೊಳಗೆ ಬಿಟ್ಟು, "ಮುನ್ನೂರು ವರ್ಷದ್ದು ಮಾರಾಯ್ರೆ. ಇಟಲಿದು. ಯೂಟ್ಯೂಬಲ್ಲಿ ಸೇಮ್ ಇದೇ ಚೀಟಿ ತೋರ್ಸಿದಾರೆ" ಎಂದ. ಒಳಗೆ ಬೆನ್ನಿನ ಹಲಗೆಗೆ ಅಂಟಿಸಿದ ಚೀಟಿಯಲ್ಲಿ ಇಟಲಿಯ ಹೆಸರಾಂತ ಕುಶಲಕರ್ಮಿಯೊಬ್ಬನ ಹೆಸರೇನೋ ಇತ್ತು.

"ಇಂಥ ಚೀಟಿ ಸಾವಿರಾರು ಪಿಟೀಲಿನಲ್ಲಿದೆ. ಅಕ್ಕಿ ಚೀಲದ ಮೇಲೆ ಲಕ್ಷ್ಮಿ ಫೋಟೋ ಇದ್ರೆ ಗದ್ದೆ ನಾಟಿ ಲಕ್ಷ್ಮಿನೇ ಮಾಡಿದ್ದು ಅಂತೀರಾ?" ಎಂದು ಕೇಳಿದೆ. ಚೀಟಿಯ ಕೆಳಗಿನ ಸಣ್ಣ ಅಕ್ಷರಗಳನ್ನು ಗಟ್ಟಿಯಾಗಿ ಓದಿದೆ: ಜರ್ಮನಿಯಲ್ಲಿ ತಯಾರಾದದ್ದು. ಭಾವಮೈದ ಮೊಬೈಲ್ ಬೆಳಕು ಆರಿಸಿದ. ನಾನು ಕಾರ್ಡ್ ಬರೆದೆ: ಜರ್ಮನ್ ಕಾರ್ಖಾನೆಯದು, ಸುಮಾರು ನೂರು ವರ್ಷದ್ದು, ಎಲ್ಲ ಭಾಗಗಳೂ ಮೂಲದವು. ಅದರ ಕೆಳಗೆ ನನ್ನ ಹೆಸರು, ಎಂ.ಎ., ಬಿ.ಎಡ್.

ಕಾರ್ಡಿಗೆ ಫ್ರೇಮ್ ಹಾಕಿಸಿದ ಭಾನುವಾರ ಅವ್ವನನ್ನು ಮುಂಬಾಗಿಲಿನಿಂದಲೇ ಕರೆದುಕೊಂಡು ಹೋದೆ. ಅವಳಿಗೆ ಓದಲು ಬಾರದು. ಹಾಗಾಗಿ ಕಾರ್ಡ್ ಬಿಟ್ಟು ಪಿಟೀಲು ನೋಡಿದಳು. ತಂತಿ ಬಿಗಿಯುವ ಬಿರಡೆಯನ್ನು ಉಗುರಿನಿಂದ ಗೀರಿದಳು.

"ಇದು ಕಾಫಿ ಗಿಡದ ಕಟ್ಟಿಗೆ ಅಲ್ವೇನೇ?"

"ಸುಮ್ನಿರವ್ವ, ಜರ್ಮನಿದು."

"ಇಡೀ ಜನ್ಮ ಒಲೆಗೆ ಹಾಕಿದೀನಿ, ನಂಗೊತ್ತಾಗಲ್ವ? ಈ ಮುಂದಿನ ಹಲಗೆ ನೋಡು, ತೋಟದಲ್ಲಿ ನೆರಳಿಗೆ ಹಾಕೋ ಸಿಲ್ವರ್ ಮರದ್ದು. ಪಿಟೀಲನ್ನ ಗೆದ್ಲು ತಿಂದಿತ್ತು ಅಂತ ದೊಡ್ಡ ಗೌಡ್ರು ನಮ್ ಲೈನಿನ ತಿಮ್ಮಪ್ಪಾಚಾರಿಗೆ ಕೊಟ್ಟಿದ್ರು. ಅವ್ನೇ ಎಲ್ಲ ಕೆತ್ತಿ ಕೂರ್ಸಿದ್ದು. ಬೆನ್ನೊಂದೇ ಹಳೇದು."

"ಹಂಗಾದ್ರೆ ಮೇಡಂ, ಚೀಟಿ ಅಂಟಿರೋ ಜಾಗ ಒಂದು ಬಿಟ್ಟು ಮಿಕ್ಕಿದ್ದೆಲ್ಲ ನಮ್ ತೋಟದ್ದೇ ಅನ್ನಿ" ಎಂದ ಭಾವಮೈದ. ಅವನ ಮುಖದಲ್ಲಿ ಬೆಳಕು ಮತ್ತೆ ಹತ್ತಿತ್ತು.

ಗೌಡರು ಮಾತ್ರ ಆಸೆಯಿಂದ, "ಅದು ಯಾವ ವರ್ಷ ಸಿದ್ದಮ್ಮ? ನಾನಾಗ ಹಾಸ್ಟೆಲಲ್ಲಿದ್ದೆ" ಎಂದು ಅವ್ವನನ್ನು ಕೇಳಿದರು.

"ವರ್ಷ ನಂಗೆಲ್ಲಿ ಗೊತ್ತು ಅಯ್ಯ. ಇವ್ಳು ಹುಟ್ಟಿದ ಬೇಸಿಗೆ. ತೊಟ್ಲಲ್ಲಿ ಇವ್ಳು ಅಳೋಳು, ಪಕ್ಕದ ಮನೇಲಿ ಆಚಾರಿ ತಂತಿ ಬಿಗ್ದು ಎಳೆಯೋನು. ಯಾವ್ದು ಯಾವ ದನಿ ಅಂತ ತಿಳೀತಿರ್ಲಿಲ್ಲ."

"ಸುಲಭ ಆಯ್ತಲ್ಲ. ಮೇಡಂ ಜನ್ಮ ತಾರೀಕು ಹೇಳ್ಬಿಡ್ಲಿ" ಎಂದ ಭಾವಮೈದ. ನಾನು ಗಂಭೀರವಾಗಿ ಇಸವಿ ಹೇಳಿ, "ಜೂನ್ ಒಂದು" ಎಂದೆ.

ಅವ್ವ ನಕ್ಕುಬಿಟ್ಟಳು. "ಜೂನ್ ಎಲ್ಲಿಂದ ಬಂತು? ಕಾಫಿ ಹೂ ಬಿಟ್ಟಿತ್ತು. ಅದು ಸ್ಕೂಲಿಗೆ ಸೇರ್ಸೋವಾಗ ಮೇಷ್ಟ್ರು ಬರ್ದಿದ್ದು. ತಲೆ ಮೇಲಿಂದ ಕೈ ಬಳಸಿ ಆಚೆ ಕಿವಿ ಮುಟ್ಟು ಅಂದ್ರು. ಇವ್ಳ ಕೈ ಉದ್ದ, ಬೇಗ ಸಿಕ್ತು. ಆರು ತುಂಬಿದೆ ಅಂತ ಬರ್ಕೊಂಡ್ರು."

ನನ್ನ ಜೊತೆ ಒಂದನೇ ತರಗತಿಗೆ ಸೇರಿದ ಲೈನಿನ ಮಕ್ಕಳೆಲ್ಲ ಹುಟ್ಟಿದ್ದು ಜೂನ್ ಒಂದರಂದೇ. ಜರ್ಮನಿಯ ಕಾರ್ಖಾನೆಯವರೂ ಇಷ್ಟು ಅಚ್ಚುಕಟ್ಟಾಗಿ ಚೀಟಿ ಅಂಟಿಸಿರಲಾರರು.

ಕಾರ್ಡನ್ನು ಇಳಿಸಿ ಹೊಸದು ಬರೆದುಕೊಟ್ಟೆ. ಮಾಡಿದವನ ಹೆಸರು ತಿಮ್ಮಪ್ಪಾಚಾರಿ. ವಯಸ್ಸು, ಕೆಳಗೆ ಸಹಿ ಮಾಡಿದವಳಷ್ಟೇ. ಬರುವ ಮೇ ಕೊನೆಗೆ ನನಗೆ ಅರವತ್ತು ತುಂಬಿತು ಎಂದು ಹಾರ ಹಾಕಿ ಶಾಲೆಯಿಂದ ಕಳಿಸಿಕೊಡುತ್ತಾರೆ. ನಿಜಕ್ಕೂ ಅರವತ್ತಕ್ಕೆ ಇನ್ನೆಷ್ಟು ವರ್ಷ ಬಾಕಿ ಇತ್ತು ಎಂಬುದು ಗೊತ್ತಿರುವುದು ಗೌಡರ ಗೋಡೆಯ ಆ ಪಿಟೀಲಿಗೆ ಮಾತ್ರ. ಕೇಳೋಣವೆಂದರೆ, ನನಗೆ ನುಡಿಸಲು ಬಾರದು.