ಡಿಲಿಸ್ ಅತ್ತೆಯ ಕಾರಿನ ತಪಾಸಣೆ

ಗೆರೈಂಟ್ ಬೆಳಿಗ್ಗೆ ಟೋಸ್ಟಿಗೆ ಬೆಣ್ಣೆ ಸವರುತ್ತಿದ್ದಾಗ ಅವನ ಹೆಂಡತಿ ಮೆನ್ನಾ ಒಂದು ಕಾರಿನ ಕೀ ತಂದು ತಟ್ಟೆಯ ಪಕ್ಕ ಇಟ್ಟಳು. ಅದು ಅವರ ಕಾರಿನದಲ್ಲ, ಅವಳ ತಾಯಿ ಡಿಲಿಸರದು.

“ಇವತ್ತು ಅಮ್ಮನ ಕಾರಿನ ವರ್ಷದ ತಪಾಸಣೆ. ನೀನೇ ಗ್ಯಾರೇಜಿಗೆ ತಗೊಂಡು ಹೋಗ್ತೀಯ ಅಂತ ಹೇಳಿದೀನಿ. ಅದು ಫೇಲಾಗ್ಬೇಕು.”

“ಫೇಲಾಗ್ಬೇಕಾ?”

“ಹೂಂ. ಮರೀಬೇಡ,” ಎಂದು ಮೆನ್ನಾ ಛತ್ರಿ ಹಿಡಿದು ಶಾಲೆಯ ಕೆಲಸಕ್ಕೆ ಹೊರಟುಹೋದಳು.

ಡಿಲಿಸ್ ಅತ್ತೆಗೆ ಎಂಬತ್ತು ದಾಟಿತ್ತು. ಕಿವಿ ಚುರುಕು, ನಾಲಿಗೆ ಅದಕ್ಕಿಂತ ಚುರುಕು, ಕಣ್ಣು ಮಾತ್ರ ಕೈಕೊಡುತ್ತಿತ್ತು. ಹೋದ ತಿಂಗಳು ಅವರು ಕಾರನ್ನು ಪ್ರಾರ್ಥನಾಮಂದಿರದ ಹೂವಿನ ಮಡಿಯ ಮೇಲೆ ಹತ್ತಿಸಿ, ಕೆಳಗಿಳಿದು, ಗೇಟನ್ನು ಜರುಗಿಸಿದವರು ಯಾರು ಎಂದು ವಿಚಾರಿಸಿದ್ದರು. ಅದಾದ ಮೇಲೆ ಒಂದು ದಿನ ಶಾಲೆಯ ಮುಂದೆ ಮಕ್ಕಳನ್ನು ರಸ್ತೆ ದಾಟಿಸುವ ಹೆಂಗಸು ಕೈಯಲ್ಲಿದ್ದ ಫಲಕ ಎಸೆದು ಗೋಡೆ ಹತ್ತಿ ನಿಂತಿದ್ದಳು. ಇನ್ನು ಓಡಿಸುವುದು ಸಾಕು ಎಂದು ಮೆನ್ನಾ ಒಮ್ಮೆ ಬಾಯಿಬಿಟ್ಟು ಹೇಳಿದ್ದುಂಟು. ಅದಕ್ಕೆ ಡಿಲಿಸ್ ಒಂದು ವಾರ ಪೂರ್ತಿ ಮಗಳ ಜೊತೆ ಬರೀ ಇಂಗ್ಲಿಷಿನಲ್ಲಿ ಮಾತಾಡಿದರು. ವೇಲ್ಸಿನಲ್ಲಿ, ವೆಲ್ಷ್ ಭಾಷೆಯೇ ಮನೆಮಾತಾದ ಮನೆಯಲ್ಲಿ, ಅದಕ್ಕಿಂತ ದೊಡ್ಡ ಶಿಕ್ಷೆ ಇಲ್ಲ.

ಹಾಗಾಗಿ ಗಂಡಹೆಂಡಿರು ಎಲ್ಲ ಭಾರವನ್ನೂ ಕಾರಿನ ಮೇಲೆ ಹಾಕಿದ್ದರು. ತಪಾಸಣೆಯಲ್ಲಿ ಬಿದ್ದ ಕಾರನ್ನು ರಸ್ತೆಗೆ ಇಳಿಸುವಂತಿಲ್ಲ. ಅಷ್ಟು ಹಳೆಯ, ಆ ಮಾದರಿಯ ಕಾರುಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ತಪಾಸಣೆಯಲ್ಲಿ ಬೀಳುತ್ತವೆ ಎಂದು ಗೆರೈಂಟ್ ಪತ್ರಿಕೆಯಲ್ಲಿ ಓದಿದ್ದ. ಅತ್ತೆಯ ಕಾರು ಮಾತ್ರ, ಪುಸ್ತಕ ತೆರೆಯದೆಯೂ ತರಗತಿಗೆ ಮೊದಲು ಬರುವ ಹುಡುಗನ ಹಾಗೆ, ಪ್ರತಿ ವರ್ಷ ನಿರಾಯಾಸವಾಗಿ ಪಾಸಾಗುತ್ತಿತ್ತು. ಈ ಸಲ ಅದಕ್ಕೆ ಸ್ವಲ್ಪ ಸಹಾಯ ಮಾಡಬೇಕೆಂದು ಅವನು ನಿರ್ಧರಿಸಿದ. ಅವನು ಊರ ಗ್ರಂಥಾಲಯದಲ್ಲಿ ಕೆಲಸ ಮಾಡುವವನು, ಪುಸ್ತಕದ ಹಾಳೆ ಹರಿದು ತಂದವರ ಬಳಿಯೂ ತಾನೇ ಕ್ಷಮೆ ಕೇಳುವಂಥ ಮನುಷ್ಯ. ಅತ್ತೆಯ ಮನೆಯ ಮುಂದಿನಿಂದ ಕಾರು ಹೊರಡಿಸಿದ.

ಬೀದಿಯ ತಿರುವಿನಲ್ಲಿ ಕಾರು ನಿಲ್ಲಿಸಿ, ಹಿಂಬಾಗಿಲು ಎತ್ತಿ, ಒಂದು ಬ್ರೇಕ್ ದೀಪದ ಬಲ್ಬು ಬಿಚ್ಚಿ ಜೇಬಿಗೆ ಹಾಕಿಕೊಂಡ. ತಲೆ ಎತ್ತಿದರೆ ಎದುರಿಗೆ ಎಲ್ವಿನ್. ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದು ನಿವೃತ್ತನಾದ ಎಲ್ವಿನ್ ಅತ್ತೆಯ ಪಕ್ಕದ ಮನೆಯವನು.

“ಏನಾಯ್ತಪ್ಪಾ?”

“ಏನೂ ಇಲ್ಲ, ಸುಮ್ನೆ ನೋಡ್ತಿದ್ದೆ.”

“ಎಲ್ಲಿ, ಬ್ರೇಕ್ ಒತ್ತು.”

ಗೆರೈಂಟ್ ಒತ್ತಲೇಬೇಕಾಯಿತು. ಎಲ್ವಿನ್ ಲೊಚಗುಟ್ಟಿ, ತನ್ನ ಕೋಟಿನ ಜೇಬಿನಿಂದ ಹೊಸ ಬಲ್ಬೊಂದನ್ನು, ಮೊಮ್ಮಗನಿಗೆ ಪೆಪ್ಪರಮೆಂಟು ಕೊಡುವ ತಾತನಂತೆ, ಹೊರಗೆ ತೆಗೆದು ಸಿಕ್ಕಿಸಿದ. “ಡಿಲಿಸ್‌ಳ ಕಾರಿಗೆ ಅಂತಾನೇ ಇಟ್ಕೊಂಡಿರ್ತೀನಿ. ಇವತ್ತು ನಾನೂ ಬರ್ತೀನಿ. ಒಬ್ಬನನ್ನೇ ಕಳಿಸೋಕೆ ನಂಗ್ಯಾಕೋ ಧೈರ್ಯ ಇಲ್ಲ,” ಎಂದು ಮುಂದಿನ ಸೀಟಿನಲ್ಲಿ ಕೂತೇಬಿಟ್ಟ.

ಗಾಜು ತೊಳೆಯುವ ನೀರು ಖಾಲಿಯಿದ್ದರೂ ಫೇಲು ಎಂಬುದು ಗೆರೈಂಟನಿಗೆ ನೆನಪಾಯಿತು. ಇಳಿಜಾರಿನಲ್ಲಿ ಇಳಿಯುತ್ತಲೇ ಗುಂಡಿ ಒತ್ತಿ ಹಿಡಿದ. ನೀರು ಕಾರಂಜಿಯಂತೆ ಚಿಮ್ಮಿತು.

“ಯಾಕೋ ಇದು?”

“ಗಾಜಿನ ಮೇಲೆ ಧೂಳು.”

“ಇಂಥಾ ಮಳೇಲಿ ಧೂಳಾ?”

ಪ್ರಾರ್ಥನಾಮಂದಿರದ ಮುಂದೆ ಬರುವಷ್ಟರಲ್ಲಿ ಕಾರಂಜಿ ಕೆಮ್ಮಿ ಕೆಮ್ಮಿ ನಿಂತುಹೋಯಿತು. ಎಲ್ವಿನ್ ಕಿಟಕಿ ಇಳಿಸಿ ಕೂಗಿದ್ದೇ ತಡ, ಹೂದಾನಿಗೆ ನೀರು ತುಂಬುತ್ತಿದ್ದ ಪಾದ್ರಿ ಟೆಗಿಡ್ ಜಗ್ಗಿನ ಸಮೇತ ಓಡಿಬಂದರು. “ಡಿಲಿಸ್ ಕಾರಿಗೋ? ಹೂವು ಕಾಯ್ತವೆ ಬಿಡಿ,” ಎಂದು ಬಾನೆಟ್ಟು ಎತ್ತಿಸಿ ಜಗ್ಗನ್ನು ಪೂರ್ತಿ ಸುರಿದರು. ಅವರಿಬ್ಬರ ತಲೆ ಬಾನೆಟ್ಟಿನ ಹಿಂದಿದ್ದಾಗ ಗೆರೈಂಟ್ ಕಿಟಕಿಯಿಂದ ಕೈಚಾಚಿ ವೈಪರಿನ ರಬ್ಬರನ್ನು ಎಳೆದು ಹರಿದ. ಜೀವನದಲ್ಲಿ ಅವನು ಬೇಕೆಂದೇ ಹರಿದ ಮೊದಲ ವಸ್ತು ಅದು.

ಎಲ್ವಿನ್ ಬಾನೆಟ್ಟು ಮುಚ್ಚುತ್ತಲೇ ನೋಡಿದ. “ಹಾಳಾದ್ದು, ಇದೂ ಕಿತ್ತೋಗಿದೆ.” ಡಿಕ್ಕಿಯ ಮೂಲೆಯಲ್ಲಿ ಅವನೇ ಎಂದೋ ತುರುಕಿಟ್ಟಿದ್ದ ಹೊಸ ಜೋಡಿ ಸಿಕ್ಕಿತು. ಪಾದ್ರಿಗಳೂ ಹಿಂದಿನ ಸೀಟು ಹತ್ತಿದರು. ಇನ್ನು ಗೆರೈಂಟ್ ಏನನ್ನು ಮುಟ್ಟಿದರೂ ನಾಲ್ಕು ಕಣ್ಣುಗಳು ಅವನ ಮೇಲಿದ್ದವು.

ಉಳಿದಿದ್ದ ಒಂದೇ ಭರವಸೆ ತಪಾಸಣೆ ಮಾಡುವ ಇಯೋಲೊ. ಸ್ವಂತ ಹೆಂಡತಿಯ ಕಾರನ್ನೇ ಫೇಲು ಮಾಡಿ ಮನೆಯಲ್ಲಿ ತಾನೇ ಅಡುಗೆ ಮಾಡಿಕೊಂಡ ಧೀರ ಅವನು. ಗ್ಯಾರೇಜು ತಲುಪಿದೊಡನೆ ಗೆರೈಂಟ್ ಅವನನ್ನು ಪಕ್ಕಕ್ಕೆ ಕರೆದು, “ಚೆನ್ನಾಗಿ ನೋಡಪ್ಪ. ಏನಾದ್ರೂ ಸಿಕ್ರೆ ಸಂಕೋಚ ಮಾಡ್ಕೋಬೇಡ,” ಎಂದು ಪಿಸುಗುಟ್ಟಿದ.

“ನಂಗೆ ಕೆಲಸ ಹೇಳಿಕೊಡೋಕೆ ಬಂದ್ಯಾ? ಹೋಗಿ ಅಲ್ಲಿ ಕೂತ್ಕೋ.”

ಮೂವರೂ ಬೆಂಚಿನ ಮೇಲೆ, ಹೆರಿಗೆ ಕೋಣೆಯ ಹೊರಗೆ ಕಾಯುವ ಬಂಧುಗಳಂತೆ, ಚಹಾ ಹಿಡಿದು ಕೂತರು. ಕಾರು ಮೇಲೇರಿತು. ಇಯೋಲೊ ಅದರ ಹೊಟ್ಟೆಯ ಕೆಳಗೆ ನಿಂತು ಬಡಿದ, ಎಳೆದ, ಅಲುಗಾಡಿಸಿದ. ಒಂದು ಸಲ ಅವನು ಹುಬ್ಬು ಗಂಟಿಕ್ಕಿದಾಗ ಪಾದ್ರಿಗಳು ಕಣ್ಣು ಮುಚ್ಚಿ ತುಟಿ ಅಲುಗಿಸಿದರು. ಗೆರೈಂಟನೂ ಕಣ್ಣು ಮುಚ್ಚಿ ತುಟಿ ಅಲುಗಿಸಿದ. ಇಬ್ಬರೂ ಒಂದೇ ದೇವರಲ್ಲಿ ಬೇರೆಬೇರೆ ಬೇಡುತ್ತಿದ್ದರು. ದೇವರು ಪಾದ್ರಿಗಳ ಮಾತನ್ನೇ ಕೇಳಿದ.

“ಪಾಸು. ಈ ವಯಸ್ಸಿನ ಕಾರು ಇಷ್ಟು ಗಟ್ಟಿಯಾಗಿರೋದನ್ನ ನಾನು ಬೇರೆಲ್ಲೂ ಕಂಡಿಲ್ಲ,” ಎಂದ ಇಯೋಲೊ.

ವಾಪಸು ಬರುವಾಗ ಗೆರೈಂಟ್ ತಡೆಯಲಾರದೆ ಹೇಳಿದ: “ಕಾರೇನೋ ಗಟ್ಟಿಯಾಗಿದೆ. ಅತ್ತೆಗೆ ಮಾತ್ರ ಕಣ್ಣು ಕಾಣಲ್ಲ.”

“ಗೊತ್ತಲ್ಲ,” ಎಂದ ಎಲ್ವಿನ್. “ಅದಕ್ಕೇ ನಾನು ಮುಂದೆ ಕೂತಿರ್ತೀನಿ. ಕೆಂಪು ಬಂದ್ರೆ ಕೆಂಪು ಅಂತೀನಿ, ನಿಲ್ಲಿಸ್ತಾಳೆ.”

“ನಾನು ಕೂತಾಗ ನಾನು ಹೇಳ್ತೀನಿ,” ಎಂದರು ಪಾದ್ರಿಗಳು. “ಹೂವಿನ ಮಡಿ ದಿನ ನಂಗೆ ಸ್ವಲ್ಪ ಜೊಂಪು ಹತ್ತಿತ್ತು.”

ಗೆರೈಂಟ್ ಕಾರನ್ನು ರಸ್ತೆಯ ಅಂಚಿಗೆ ನಿಲ್ಲಿಸಿಬಿಟ್ಟ. “ಎಲ್ಲಾ ಗೊತ್ತಿದ್ದೂ, ಸಾಕು ಬಿಡಿ ಅಂತ ಅವರಿಗೆ ಒಬ್ರೂ ಹೇಳ್ಲಿಲ್ವಾ?”

ಎಲ್ವಿನ್ ಕಿಟಕಿಯ ಕಡೆ ಮುಖ ಮಾಡಿಕೊಂಡು ಹೇಳಿದ: “ಈ ಕಡೆ ಬಸ್ಸು ಬರೋದೇ ನಿಂತ್ಮೇಲೆ ನಮ್ಮ ಬೀದಿಗೆ ಬಸ್ಸು ಅಂದ್ರೆ ಅವಳೇ. ನನ್ನ ಹೆಂಡ್ತಿ ಆಸ್ಪತ್ರೇಲಿ ಮಲಗಿದ್ದಾಗ ದಿನಾ ಕರ್ಕೊಂಡು ಹೋದ್ಳು. ಒಂದು ದಿನಾನೂ ತಪ್ಪಿಸ್ಲಿಲ್ಲ. ಕೊನೇ ದಿನಾನೂ ಹೊರಗೆ ಕಾರಲ್ಲೇ ಕಾಯ್ತಾ ಕೂತಿದ್ಳು. ಅಂಥವಳಿಗೆ, ಇನ್ನು ನೀನು ಬೇಡ ಅಂತ ಯಾವ ಬಾಯಲ್ಲಿ ಹೇಳ್ಲಿ? ಕಾರು ಹೋದ್ರೆ ಅವಳೂ ಹೋಗ್ತಾಳೆ ಕಣಪ್ಪ.”

ಬಲ್ಬು, ನೀರು, ರಬ್ಬರು ಎಂದು ಬೆಳಗಿನಿಂದ ತಾನು ಮಾಡಿದ್ದೆಲ್ಲ ಗೆರೈಂಟನಿಗೆ ಈಗ ಕಳ್ಳತನದ ಹಾಗೆ ಕಂಡಿತು. ಕಾರನ್ನು ಮತ್ತೆ ಹೊರಡಿಸಿದ.

ಮನೆ ಮುಟ್ಟಿದಾಗ ಎಲ್ವಿನ್ ಮತ್ತು ಪಾದ್ರಿಗಳು ಕಾರಿನ ಬಳಿಯೇ ಉಳಿದರು. ಡಿಲಿಸ್ ಅತ್ತೆ ಅಡುಗೆಮನೆಯಲ್ಲಿ ಒಣದ್ರಾಕ್ಷಿಯ ಬ್ರೆಡ್ಡು ಕೊಯ್ದು, ಚಹಾ ಸಿದ್ಧಮಾಡಿ ಕಾಯುತ್ತಿದ್ದರು.

“ಏನಾಯ್ತು?”

“ಪಾಸು, ಅತ್ತೆ.”

ಅವರ ಮುಖ ಇಳಿದುಹೋಯಿತು. ಕುರ್ಚಿಯನ್ನು ಕೈಯಿಂದ ತಡವಿ ಹುಡುಕಿ ಕೂತರು. “ಮತ್ತೆ ಪಾಸಾ? ಒಂದು ದೋಷಾನೂ ಸಿಗ್ಲಿಲ್ವಾ?”

“ನಿಮಗೆ… ಖುಷಿ ಆಗ್ಲಿಲ್ವಾ?”

“ಖುಷಿ ಯಾತಕ್ಕೋ? ನಂಗೆ ಕಣ್ಣೇ ಕಾಣಲ್ಲ. ಕಾರು ಹತ್ತಿದಾಗೆಲ್ಲ ಜೀವ ಬಾಯಿಗೆ ಬರುತ್ತೆ. ಆದ್ರೆ ಇವ್ರೆಲ್ಲ ನನ್ನನ್ನೇ ನಂಬ್ಕೊಂಡಿದಾರೆ, ಆಗಲ್ಲ ಅಂತ ಹೆಂಗೆ ಹೇಳ್ಲಿ? ಮೆನ್ನಾ ಸಾಕು ಅಂದಾಗ ರೇಗಿದ್ದೂ ಅದಕ್ಕೇ. ಕಾರೇ ಬಿದ್ದುಹೋದ್ರೆ ಯಾರ ಮನಸ್ಸೂ ನೋಯಲ್ಲ ಅಂತ ವರ್ಷಾವರ್ಷ ಕಾಯ್ತಿದೀನಿ. ಹೋದ ವರ್ಷ ನಾನೇ ಕತ್ತಲಲ್ಲಿ ತಡಕಾಡಿ ಚಕ್ರದ ಗಾಳಿ ಬಿಟ್ಟೆ. ಬೆಳಿಗ್ಗೆ ಎದ್ದು ನೋಡಿದ್ರೆ ಆ ಎಲ್ವಿನ್ ತುಂಬಿಸಿಟ್ಟಿದ್ದ.”

ಗೆರೈಂಟ್ ಬೆಳಗಿನ ಕತೆಯನ್ನೆಲ್ಲ ಹೇಳಿದ. ಅತ್ತೆ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಅವನೂ ನಕ್ಕ. ಮದುವೆಯಾದ ಮೇಲೆ ಅವರಿಬ್ಬರೂ ಹೀಗೆ ಜೊತೆಯಲ್ಲಿ ನಕ್ಕಿದ್ದು ಅದೇ ಮೊದಲು. ಹಗುರಾಗಿ ಅವನು ಎರಡನೆಯ ಚೂರು ಬ್ರೆಡ್ಡು ತೆಗೆದುಕೊಂಡ.

“ನಿನ್ನಂಥ ಒಳ್ಳೆ ಮನಸ್ಸಿನವನನ್ನ ನಾನು ಇಷ್ಟು ದಿನ ಸರಿಯಾಗಿ ತಿಳ್ಕೊಂಡೇ ಇರ್ಲಿಲ್ಲ,” ಎಂದು ಅತ್ತೆ ಕೀಯನ್ನು ಅವನ ಅಂಗೈಗೆ ಒತ್ತಿ ಬೆರಳು ಮಡಿಸಿದರು. “ಇನ್ಮೇಲೆ ನಾನು ಓಡ್ಸಲ್ಲ. ನೀನು ಓಡ್ಸು. ಮಂಗಳವಾರ ಎಲ್ವಿನ್‌ಗೆ ಮಂಡಿ ತೋರಿಸ್ಬೇಕು. ಗುರುವಾರ ಸಂತೆ, ಇಡೀ ಬೀದಿ ಬರುತ್ತೆ. ಭಾನುವಾರ ಪ್ರಾರ್ಥನೆ, ಬೆಳಿಗ್ಗೆ ಸಂಜೆ ಎರಡೂ.”

“ಅತ್ತೆ, ನನ್ನ ಗ್ರಂಥಾಲಯ…”

“ಬೇಕಾದ್ರೆ ಅವ್ರಿಗೆ ಆಗಲ್ಲ ಅಂತ ನೀನೇ ಹೇಳು. ಹೇಳ್ತೀಯಾ?”

ಗೆರೈಂಟ್ ಕೀಯನ್ನು ಜೇಬಿಗೆ, ಬೆಳಗಿನ ಬಲ್ಬಿನ ಪಕ್ಕಕ್ಕೆ, ಇಳಿಸಿದ. “ಎಲ್ಲೀವರೆಗೆ?” ಎಂದು ಕೊನೆಗೆ ಕೇಳಿದ.

“ಕಾರು ಫೇಲಾಗೋವರೆಗೆ. ಆಮೇಲೆ ನಿನ್ನನ್ನ ಯಾರೂ ಕೇಳಲ್ಲ.”

ಬರುವ ವರ್ಷವಾದರೂ ಇದೆಯಲ್ಲ ಎಂದು ಸಮಾಧಾನ ಮಾಡಿಕೊಂಡು ಅವನು ಕಿಟಕಿಯಿಂದ ಹೊರಗೆ ನೋಡಿದ. ಮಳೆಯಲ್ಲಿ ನಿಂತ ಕಾರಿನ ಅಡಿಯಿಂದ ಎಲ್ವಿನ್‌ನ ಎರಡು ಬೂಟುಗಳು ಮಾತ್ರ ಚಾಚಿಕೊಂಡಿದ್ದವು. ಪಾದ್ರಿಗಳು ಪಕ್ಕದಲ್ಲಿ ಛತ್ರಿ ಹಿಡಿದು ನಿಂತಿದ್ದರು. ಕೆಳಗಿನಿಂದ ಸಿಳ್ಳೆ ಕೇಳಿಬರುತ್ತಿತ್ತು.